ಪಾಲಿಶ್ ಸ್ಪಿರಿಟ್ಟಿನ ವಾಸನೆ

ಹರಪನಹಳ್ಳಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವ ಸಂಘಮಿತ್ರಾಗೆ ಪ್ಲಾಟಿನಂ ಅಂದರೆ ಒಡವೆಯಲ್ಲ. ಅದರ ಉಪ್ಪು ಕರಗಿದ ನೀರಿಗೆ ಗ್ರಾಫೀನಿನ ಕಪ್ಪು ಪುಡಿ ಬೆರೆಸಿ, ಫಾರ್ಮಿಕ್ ಆಮ್ಲ ಹಾಕಿ, ಅಲುಗಿಸದೆ ಇಡುತ್ತಾಳೆ. ಕೆಲವು ದಿನಗಳಲ್ಲಿ ಪುಡಿಯ ಮೇಲೆಲ್ಲ ಕಣ್ಣಿಗೆ ಕಾಣದ ತಂತಿಗಳು ಗರಿಕೆಯಂತೆ ಏಳುತ್ತವೆ. ಆ ತಂತಿಗಳ ಮೇಲೆ ಮೆಥನಾಲ್ ಬೆಂಕಿಯಿಲ್ಲದೆ ಉರಿದು ಕರೆಂಟು ಕೊಡುತ್ತದೆ.

"ಇಷ್ಟೇ ಇಷ್ಟು ಮಸಿಗೆ ಎಷ್ಟು ಉಪಚಾರ! ಬಾಣಂತಿಗೂ ಯಾರೂ ಮಾಡಂಗಿಲ್ರಿ ಮೇಡಂ" ಎಂದು ಅಟೆಂಡರ್ ಚೌಡಣ್ಣ ನಗುತ್ತಾನೆ.

ಆಕೆ ನಗುವುದಿಲ್ಲ. ಮೆಥನಾಲ್ ಬಾಟಲಿಯ ಮುಚ್ಚಳ ತೆಗೆದಾಗಲೆಲ್ಲ ಸತ್ತ ಅಪ್ಪ ಬಂದು ಬೆನ್ನ ಹಿಂದೆ ನಿಲ್ಲುತ್ತಾನೆ.

ಅಪ್ಪ ನಾಗೇಂದ್ರಪ್ಪ ಬಾಗಿಲುಗಳಿಗೆ ಪಾಲಿಶ್ ಮಾಡುತ್ತಿದ್ದವನು. ಅವನ ಕೈ ಬಿದ್ದ ಬಾಗಿಲಲ್ಲಿ ಕೂಡ್ಲಿಗಿ, ಕೊಟ್ಟೂರಿನ ಉಳ್ಳವರು ಮೀಸೆ ತಿದ್ದಿಕೊಳ್ಳುತ್ತಿದ್ದರು. ಗಂಡ ಹೆಂಡತಿ ಬೌದ್ಧ ದೀಕ್ಷೆ ತೆಗೆದುಕೊಂಡು ಪಂಚಶೀಲ ಹೇಳಿದ ಮೇಲೆ, ಮನೆಗೆ ಹನಿ ಸೆರೆ ಬರಕೂಡದೆಂದು ಅವ್ವ ಮಾಳಮ್ಮ ಕಟ್ಟು ಮಾಡಿದಳು. ಓಣಿಯಲ್ಲಿ ಮನೆಗೆ ಹೆಸರು ಬಂತು. ಆ ಹೆಸರೇ ಅವನ ಕುತ್ತಿಗೆಗೂ ಬಂತು. ಸೆರೆ ಅಂಗಡಿಯ ಮುಂದೆ ಯಾರ ಕಣ್ಣಿಗೂ ಬೀಳುವಂತಿಲ್ಲ, ಚಪಲವೋ ಬಿಡದು. ಪಾಲಿಶಿಗೆ ತಂದ ಸ್ಪಿರಿಟ್ಟಿಗೇ ನೀರು ಬೆರೆಸಿ ಕುಡಿಯತೊಡಗಿದ. ಬಾಯಿ ನಾತ ಹೊಡೆದರೆ, "ಕೆಲಸದ ವಾಸನಿ ಅದು" ಎಂದು ನೆಲ ನೋಡುತ್ತಿದ್ದ.

ಒಮ್ಮೆ ತಂದ ಡಬ್ಬಿಯಲ್ಲಿ ಇದ್ದುದೆಲ್ಲ ಕುಡಿದರೆ ವಿಷವಾಗುವ ಮೆಥನಾಲ್. ಮಾರನೆಯ ಬೆಳಿಗ್ಗೆ ಎದ್ದವನು, "ಎಲ್ಲಾ ಬೆಳ್ಳಗ ಕಾಣಾಕತ್ತೈತಿ, ಯಾರು ಸುಣ್ಣ ಬಳಿದ್ರಿ?" ಎಂದ. ಸ್ವಲ್ಪ ಹೊತ್ತಿಗೆ ಪಾಲಿಶ್ ಕೆಲಸದ ಜೊತೆಗಾರ, ಓಣಿಗೇ ಗೊತ್ತಿದ್ದ ಕುಡುಕ ಹುಲುಗಣ್ಣ ಬ್ರಾಂದಿ ಬಾಟಲಿ ಹಿಡಿದು ಓಡಿಬಂದ.

"ಅಕ್ಕಾ, ಆಂಬುಲೆನ್ಸ್ ಬರೋತನಕ ಇದನ್ನ ಕುಡಸ್ರಿ ಅಂತ ಡಾಕ್ಟ್ರು ಫೋನಿನ್ಯಾಗ ಹೇಳ್ಯಾರ."

"ಸೆರಿ ಕುಡದ ಸಾಯಾಕತ್ಯಾನ, ಮತ್ತ ಸೆರೀನ ತಂದೀಯೇನಲೇ?" ಮಾಳಮ್ಮ ಬಾಟಲಿ ಕಸಿದು ಚರಂಡಿಗೆ ಸುರಿದಳು. ಕುಡುಕನ ಮಾತು ಯಾರು ನಂಬುತ್ತಾರೆ? ನಾಗೇಂದ್ರಪ್ಪ ಆಸ್ಪತ್ರೆ ಮುಟ್ಟಲಿಲ್ಲ.

ಎಮ್ಮೆಸ್ಸಿ ಓದುವಾಗ ಸಂಘಮಿತ್ರಾಗೆ ತಿಳಿಯಿತು: ಹೊಟ್ಟೆಗೆ ಹೋದ ಮೆಥನಾಲ್ ಮೈಯೊಳಗೆ ಫಾರ್ಮಿಕ್ ಆಮ್ಲವಾಗುತ್ತದೆ, ಅಲ್ಲೇ ಕೂತು ಮೊದಲು ಕಣ್ಣು, ಆಮೇಲೆ ಜೀವ ತೆಗೆಯುತ್ತದೆ. ಅದನ್ನು ತಡೆಯಲು ಬೇರೆ ಔಷಧ ಸಿಗದಿದ್ದಾಗ ಒಳ್ಳೆಯ ಸೆರೆಯನ್ನೇ ಕೊಡುವುದುಂಟು. ಹುಲುಗಣ್ಣ ನಿಜ ಹೇಳಿದ್ದ. ಅಂದಿನಿಂದ ಅವಳಿಗೆ ಒಂದೇ ಭಯ, ಇದು ಅವ್ವನಿಗೆ ಗೊತ್ತಾಗಬಾರದು. ಮೆಥನಾಲ್ ಆ ಆಮ್ಲದಲ್ಲೇ ನಿಲ್ಲದೆ ಕೊನೆಯವರೆಗೆ ಉರಿದುಹೋಗುವ ತಂತಿಗಳ ಬೆನ್ನು ಹತ್ತಿದ್ದೂ ಅಪ್ಪನ ಸಾವು ಕಾಡಿದ್ದಕ್ಕೇ. ತಂತಿಗಳು ಚೆನ್ನಾಗಿಯೇ ಉರಿಸುತ್ತವೆ. ಅಪ್ಪ ಮಾತ್ರ ಹೋಗುವುದಿಲ್ಲ, ಬೆನ್ನ ಹಿಂದೆ ನಿಂತು ಯಾರು ಸುಣ್ಣ ಬಳಿದ್ರಿ ಎಂದೇ ಕೇಳುತ್ತಾನೆ.

ಮೊನ್ನೆ ಕಣ್ಣು ತೋರಿಸಿಕೊಳ್ಳಲು ಊರಿಂದ ಬಂದ ಮಾಳಮ್ಮ, ಮಗಳ ಜೊತೆ ಮನೆಗೆ ಹೋದರಾಯಿತೆಂದು ಲ್ಯಾಬಿನಲ್ಲಿ ಕೂತಳು. ಸಂಘಮಿತ್ರಾ ಮೈಮರೆತು ಬಾಟಲಿ ತೆರೆದಳು. ಅವ್ವನ ಮೂಗು ಅರಳಿತು.

"ಅದ ವಾಸನಿ," ಎಂದಳು. ಆಮೇಲೆ ಮೆಲ್ಲಗೆ, "ನೀ ಓದಿದಾಕಿ. ಹುಲುಗಣ್ಣ ಹೇಳಿದ್ದು ಖರೇ ಏನವ್ವಾ? ಆವತ್ತ ಅದನ್ನ ಕುಡಿಸಿದ್ರ ಬದುಕ್ತಿದ್ನಾ?"

ಸುಳ್ಳಾಡಬಾರದು ಅನ್ನುವುದೂ ಅದೇ ಪಂಚಶೀಲದಲ್ಲಿದೆ. ಸಂಘಮಿತ್ರಾ ಒಣಗಿದ ಗಾಜನ್ನೇ ಮತ್ತೆ ಒರೆಸಿದಳು.

"ಇಲ್ಲವ್ವಾ. ಅದೆಲ್ಲ ಸುಳ್ಳು. ಏನ್ ಕೊಟ್ಟಿದ್ರೂ ಅಪ್ಪ ಉಳೀತಿರಲಿಲ್ಲ."

ಮಾಳಮ್ಮ ಮಗಳ ತಗ್ಗಿದ ಮುಖ ನೋಡಿದಳು. ಎದ್ದು ಹೋಗಿ ಬಾಟಲಿಯ ಮುಚ್ಚಳ ತಾನೇ ಬಿಗಿಮಾಡಿದಳು.

"ನಿಮ್ಮಪ್ಪನೂ ಹಿಂಗ," ಎಂದಳು. "ನೆಲ ನೋಡ್ಕೊಂತ ಹೇಳ್ತಿದ್ದ."