ಸದ್ದಿಲ್ಲದೆ ಬೀಳುತ್ತಿದ್ದ ಜಯತೀರ್ಥ ಸರ್

ಜಯತೀರ್ಥ ಸರ್ ಬಿದ್ದರೆ ಸದ್ದಾಗುತ್ತಿರಲಿಲ್ಲ. ಆಳು ದಪ್ಪ, ಹೊಟ್ಟೆ ಮುಂದೆ ಬಂದಿತ್ತು, ಕುತ್ತಿಗೆ ಎಲ್ಲಿದೆ ಎಂದು ಹುಡುಕಬೇಕು. ಅಂಥ ಮೈ ಗಾಳಿಯಲ್ಲಿ ಒಂದು ಸುತ್ತು ಉರುಳಿ ಕೆಳಗಿಳಿದರೆ, ಮಡಿಚಿದ ಪಂಚೆಯನ್ನು ಮಂಚದ ಮೇಲೆ ಇಟ್ಟಷ್ಟು ಸಪ್ಪಳ, ಅಷ್ಟೇ. ನಾವು ಕಣ್ಣು ಮಿಟುಕಿಸುವುದರೊಳಗೆ ಎದ್ದು ನಿಂತಿರುತ್ತಿದ್ದರು. ಹಣೆಯ ಮೇಲಿನ ಅಂಗಾರದ ಗೆರೆ ಬೆವರಿಗೆ ಒಂಚೂರು ಅಳಿಸಿರುತ್ತಿತ್ತು, ಬೇರೇನೂ ಆಗಿರುತ್ತಿರಲಿಲ್ಲ.

ಮಂತ್ರಾಲಯದ ಕಡೆಯ ಆಚಾರ್ಯರ ಮನೆತನ ಅವರದು. ಹರೆಯದಲ್ಲಿ ಮುಂಬೈಗೆ ಹೋಗಿ ಒಂದು ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಆ ಕಟ್ಟಡದ ಕೆಳಗಿನ ಮಹಡಿಯಲ್ಲಿ ಯಾರೋ ಐಕಿಡೋ ಎಂಬ ಜಪಾನಿನ ಮಲ್ಲವಿದ್ಯೆ ಕಲಿಸುತ್ತಿದ್ದರಂತೆ. "ಮಳಿ ನಿಲ್ಲಲಿ ಅಂತ ಒಳಗ ಹೋದೆ. ಮಳಿ ನಿಂತು ಎಷ್ಟೋ ವರ್ಷ ಆದ್ರೂ ಹೊರಗ ಬರಲಿಲ್ಲ," ಎನ್ನುತ್ತಿದ್ದರು. ಆದೋನಿಗೆ ಬಂದು ನೆಲೆಸಿದ ಮೇಲೆ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯ ಸಾವುಕಾರರೊಬ್ಬರನ್ನು ಕೇಳಿಕೊಂಡು, ಹಿಂಭಾಗದ ಖಾಲಿ ತಗಡಿನ ಶೆಡ್ಡಿನಲ್ಲಿ ಕ್ಲಾಸು ಶುರು ಮಾಡಿದರು. ಅದನ್ನು ಡೋಜೋ ಎನ್ನಬೇಕು ಎಂದು ಹೇಳಿಕೊಟ್ಟರು. ನಾವೆಲ್ಲ ಶೆಡ್ಡು ಎಂದೇ ಕರೆದೆವು. ಗೋಣಿಚೀಲಗಳಿಗೆ ಕೆಲಸಕ್ಕೆ ಬಾರದ ಹತ್ತಿ ತುಂಬಿ, ಮೇಲೆ ತಾಡಪತ್ರಿ ಬಿಗಿದದ್ದೇ ನಮ್ಮ ಹಾಸು. ಹೊಸದಾಗಿ ಬಂದವರು ಮೊದಲ ವಾರ ಬೀಳುವುದಕ್ಕಿಂತ ಸೀನುವುದೇ ಹೆಚ್ಚು.

ಐಕಿಡೋದಲ್ಲಿ ಪಂದ್ಯವಿಲ್ಲ. ಒಬ್ಬರು ಬಂದು ಕೈ ಹಿಡಿಯುತ್ತಾರೆ, ಇನ್ನೊಬ್ಬರು ತಿರುಗಿ ಅವರ ಆಯ ತಪ್ಪಿಸಿ ಕೆಡವುತ್ತಾರೆ. ಆಮೇಲೆ ಅದಲು ಬದಲು. ಹಾಗಾಗಿ ಮೊದಲು ಕಲಿಯಬೇಕಾದದ್ದು ಬೀಳುವುದನ್ನು. ಹೆದರಿ ನಿಂತ ತೆಲುಗು ಹುಡುಗರಿಗೆ ಅವರು ತೆಲುಗಿನಲ್ಲೇ "ಪಡು ನಾಯನಾ, ಪಡು! ಭೂಮಿ ಎಕ್ಕಡಿಕೀ ಪೋದು" ಎಂದು ಕೂಗುತ್ತಿದ್ದರು. ಬೀಳಪ್ಪಾ, ಭೂಮಿ ಎಲ್ಲಿಗೂ ಓಡಿಹೋಗುವುದಿಲ್ಲ ಎಂದು.

ನಾನು ಕೌತಾಳಂ ಕಡೆಯ ಹಳ್ಳಿಯವಳು. ಅಪ್ಪ ಕುರಿ ಕಾಯುತ್ತಿದ್ದ. ನಮ್ಮ ವಂಶದಲ್ಲಿ ಡಿಗ್ರಿ ಓದಿದವಳು ನಾನೇ ಮೊದಲು, ಹಾಗೆಂದು ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವಿಲ್ಲ. ದಿನವೂ ಬಸ್ಸಿನಲ್ಲಿ ನಿಂತುಕೊಂಡೇ ಆದೋನಿಗೆ ಬಂದು ಬಿಎಸ್ಸಿ ಮುಗಿಸಿದೆ. ಪಾಸಾದಾಗ ಊರಲ್ಲಿ ಹೊಗಳಿದವರ ಮಾತಿನ ತುದಿಯಲ್ಲೂ ಒಂದು ಮುಳ್ಳಿರುತ್ತಿತ್ತು. "ನಿಮ್ಮಂಥೋರಿಗೆ ಹೆಂಗಾರ ಮಾಡಿ ಪಾಸ್ ಮಾಡ್ತಾರ ಬಿಡವ್ವಾ." ಕಾಲೇಜಿನ ಲೆಕ್ಚರರೊಬ್ಬರೂ ನಗುತ್ತ ಇದನ್ನೇ ಅಂದಿದ್ದರು. ನಾನು ದುಡಿದು ತಂದದ್ದನ್ನೆಲ್ಲ ಯಾರೋ ಕನಿಕರಪಟ್ಟು ಕೊಟ್ಟದ್ದು ಎನ್ನುವಂತೆ ನೋಡುತ್ತಿದ್ದರು ಜನ.

ಕಾಲೇಜಿನ ಗೆಳತಿಯೊಬ್ಬಳ ಹಿಂದೆ ನಾನು ಶೆಡ್ಡಿಗೆ ಹೋದಾಗ ಅವ್ವ ಹಣೆ ಬಡಿದುಕೊಂಡಳು. "ಡಿಗ್ರಿ ಓದಾಕ ಕಳಿಸಿದ್ರ ಬೀಳಾದು ಕಲಿಯಾಕ ಹೊಂಟೀಯೇನ? ಅದಕ್ಕೊಬ್ಬ ಮಾಸ್ತರು ಬೇರೆ ಅದಾನೇನು?"

ಮಾಸ್ತರು ಇದ್ದರು. ಆಚಾರ್ಯರ ಮಗ ಕುರುಬರ ಹುಡುಗಿಯ ಕೈಯನ್ನೂ ಸಾಬರ ಹುಡುಗನ ಕೈಯನ್ನೂ ಒಂದೇ ಬಿಗಿಯಲ್ಲಿ ಹಿಡಿಯುತ್ತಿದ್ದರು. ಭಾನುವಾರ ಕ್ಲಾಸು ಮುಗಿದ ಮೇಲೆ ನಮಗೆಲ್ಲ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸುತ್ತಿದ್ದರು. ತಾವು ಮಾತ್ರ ಉಳ್ಳಾಗಡ್ಡಿ ಮುಟ್ಟದೆ ಬಾಳೆಹಣ್ಣು ಸುಲಿಯುತ್ತ ಕೂರುತ್ತಿದ್ದರು. ಒಮ್ಮೆ ಯಾರೋ ಕೆಣಕಿದರು. "ಸರ, ನಮ್ಮನ್ನ ಮುಟ್ಟಿ ಮನಿಗೆ ಹೋದ ಕೂಡ್ಲೆ ಸ್ನಾನ ಮಾಡ್ತೀರಂತ, ಖರೇ ಏನು?"

"ಮಾಡಬೇಕಲ್ಲೋ ಮತ್ತ. ನಿಮ್ಮ ಬೆವರು ನಾರತದ!"

ಶೆಡ್ಡು ಹಾರಿಹೋಗುವಂತೆ ನಕ್ಕೆವು. ಅವರೂ ನಕ್ಕರು.

ಒಂದು ವಿಷಯದಲ್ಲಿ ಮಾತ್ರ ನಗುತ್ತಿರಲಿಲ್ಲ. ಎದುರಿನವರು ಸರಿಯಾಗಿ ಕೆಡವದಿದ್ದರೂ ಸಂಕೋಚಕ್ಕೆ ಯಾರಾದರೂ ಬಿದ್ದರೆ, ಇಡೀ ಕ್ಲಾಸನ್ನು ನಿಲ್ಲಿಸುತ್ತಿದ್ದರು. "ಕೆಡವಾಂವನ ಮುಖ ನೋಡಿ ಬೀಳಬ್ಯಾಡ. ಕಾಲು ಕಿತ್ತಿದ್ರ ಬೀಳು, ಇಲ್ಲಾಂದ್ರ ನಿಲ್ಲು. ಸುಳ್ಳ ಬಿದ್ದೀ ಅಂದ್ರ ಅವಗ ದ್ರೋಹ ಮಾಡಿದಂಗ. ನಂಗ ಬರತದ ಅಂತ ತಿಳಕೊಂಡು ನಾಳೆ ಬಜಾರದಾಗ ಹಲ್ಲು ಮುರಸ್ಕೋತಾನ."

ತಾವೂ ಹಾಗೇ ಇದ್ದರು. ವರ್ಷಗಟ್ಟಲೆ ನಾನು ಅವರನ್ನು ಕೆಡವಲು ಹೆಣಗಿದೆ. ನನ್ನ ಮಣಿಕಟ್ಟು ಹಿಡಿದು ಕಂಬದ ಹಾಗೆ ನಿಲ್ಲುತ್ತಿದ್ದರು. "ಏನವಾ ಮಾಳಮ್ಮ, ಗ್ವಾಡಿ ದಬ್ಬಾಕತ್ತೀಯೇನು?" ಎಂದು ಛೇಡಿಸುತ್ತಿದ್ದರು. ಒಂದು ಬೆಳಗ್ಗೆ, ಏನು ಸರಿಯಾಯಿತೋ ತಿಳಿಯದು, ನಾನು ತಿರುಗಿದೆ, ಅಷ್ಟು ದೊಡ್ಡ ಮೈ ನನ್ನ ಕೈಯಲ್ಲಿ ಹಗುರಾಯಿತು. ಸರ್ ಹಾಸಿನ ಮೇಲಿದ್ದರು. ಎದ್ದು ನನಗೆ ತಲೆ ಬಾಗಿಸಿದರು. ಬಸ್ಸಿನಲ್ಲಿ ಊರಿಗೆ ಮರಳುವಾಗ ನಾನು ಒಬ್ಬಳೇ ನಗುತ್ತಿದ್ದೆ. ಇದನ್ನು ನನಗೆ ಯಾರೂ ಕೊಟ್ಟಿಲ್ಲ. ಈ ಮನುಷ್ಯ ಸುಮ್ಮನೆ ಬೀಳುವವನಲ್ಲ.

ಡಿಗ್ರಿ ಮುಗಿದು, ಆದೋನಿಯ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನದ ಟೀಚರಾದೆ. ಶೆಡ್ಡಿನಲ್ಲಿ ಮಕ್ಕಳ ಕ್ಲಾಸು ನನ್ನ ಕೈಗೆ ಬಂತು. "ನಾ ಹೋದ ಮ್ಯಾಲೆ ಇದು ನಿಂದವಾ," ಎಂದು ಸರ್ ಎಲ್ಲರೆದುರು ಹೇಳಿದ್ದರು.

ಆ ಹೊತ್ತಿಗೆ ಸಾವುಕಾರರ ಮಗ ಕಾರ್ತಿಕ್ ಓದು ಮುಗಿಸಿ ಊರಿಗೆ ಬಂದ. ಕೆಟ್ಟ ಹುಡುಗನಲ್ಲ. ಮನಸ್ಸು ಬಂದಾಗ ಕ್ಲಾಸಿಗೆ ಬರುತ್ತಿದ್ದ, ಹೆಚ್ಚು ಹೊತ್ತು ಫೋನು ನೋಡುತ್ತಿದ್ದ. ಆರು ತಿಂಗಳೂ ಆಗಿರಲಿಲ್ಲ, ಫ್ಯಾಕ್ಟರಿಯ ಅಂಗಳದಲ್ಲಿ ಶಾಮಿಯಾನ ಹಾಕಿ ನಮ್ಮ ಪ್ರದರ್ಶನ ಇಟ್ಟರು. ಸಾವುಕಾರರ ನೆಂಟರಿಷ್ಟರೆಲ್ಲ ಮುಂದಿನ ಸಾಲಿನಲ್ಲಿ ಕೂತಿದ್ದರು. ಶುರುವಾಗುವ ಮೊದಲು ಸರ್ ನನ್ನನ್ನು ಬದಿಗೆ ಕರೆದರು.

"ಕಾರ್ತಿಕಗ ಇವತ್ತು ನೀ ಬೀಳಬೇಕವಾ."

"ಕೆಡವಿದ್ರ ಬೀಳ್ತೀನಲ್ಲ ಸರ."

ಅವರು ಮುಂದಿನ ಸಾಲಿನ ಕಡೆ ನೋಡಿದರು.

ಕಾರ್ತಿಕ್ ಎದುರು ನಿಂತ. ನಾನು ಅವನ ಕೈ ಹಿಡಿದೆ. ತಿರುಗಿದ, ಎಳೆದ, ತಿರುಚಿದ. ನನ್ನ ಕಾಲು ನೆಲದಲ್ಲೇ ಇತ್ತು. ಇನ್ನೊಮ್ಮೆ ಮಾಡಿದ. ಆಗಲೂ ಹಾಗೇ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವನ ಕಿವಿ ಕೆಂಪಾದವು. "ಅಕ್ಕಾ, ಪ್ಲೀಸ್," ಎಂದು ಪಿಸುಗುಟ್ಟಿದ.

ಅಷ್ಟರಲ್ಲಿ ಸರ್ ಮೈಕು ತೆಗೆದುಕೊಂಡರು. "ಆಕಿ ಕಾಲಿಗೆ ಪೆಟ್ಟಾಗ್ಯದ. ಆಕಿ ಬದಲಿ ನಾ ಬರ್ತೀನಿ."

ಬಂದರು. ಹುಡುಗನ ಕೈ ಹಿಡಿದರು. ಅವನು ಅದೇ ಎಳೆತ ಎಳೆದ, ಅದೇ ತಿರುಚು ತಿರುಚಿದ. ಜಯತೀರ್ಥ ಸರ್ ಗಾಳಿಯಲ್ಲಿ ಒಂದು ಸುತ್ತು ಉರುಳಿ ಕೆಳಗಿಳಿದರು, ಸದ್ದಿಲ್ಲದೆ. ಮೂರು ಸಲ. ಜನ ಚಪ್ಪಾಳೆ ತಟ್ಟಿದರು. ಮೇಲೆದ್ದು ಅವನ ಸೊಂಟಕ್ಕೆ ಕಪ್ಪು ಬೆಲ್ಟು ಕಟ್ಟಿ, ನಾಳೆಯಿಂದ ಮಕ್ಕಳ ಕ್ಲಾಸನ್ನು ಕಾರ್ತಿಕ್ ನೋಡಿಕೊಳ್ಳುತ್ತಾನೆ ಎಂದು ಮೈಕಿನಲ್ಲಿ ಸಾರಿದರು. ನನಗೆ ಅದು ಗೊತ್ತಾದದ್ದು ಎಲ್ಲರಿಗೆ ಗೊತ್ತಾದಾಗಲೇ.

ಜನ ಹೋದ ಮೇಲೆ ನಾನು ತಾಡಪತ್ರಿ ಸುತ್ತುತ್ತಿದ್ದೆ. ಸರ್ ಬಂದು ಇನ್ನೊಂದು ತುದಿ ಹಿಡಿದರು.

"ನನ್ನ ಕಾಲಿಗೆ ಏನಾಗಿತ್ತು ಸರ?"

"ಮಗನ್ನ ಮುಂದ ತರಲಿಲ್ಲಂದ್ರ ಶೆಡ್ಡು ಖಾಲಿ ಮಾಡ್ರಿ ಅಂತ ಸಾವುಕಾರ್ರು ಹೇಳಿ ಕಳಿಸಿದ್ರು. ಈ ಹುಡುಗೂರೆಲ್ಲ ಎಲ್ಲಿಗೆ ಹೋಗಬೇಕು? ಒಂದು ಸಲ ಬಿದ್ರ ಏನು ಸವೀತದ?"

"ನೀವು ಸವೀಲಿಲ್ಲ ಸರ. ನಾ ಸವದೆ."

"ಓದಿದಾಕಿ, ನೀನ ತಿಳಕೊಳ್ಳಲಿಲ್ಲಂದ್ರ ಹೆಂಗವಾ?"

ತಾಡಪತ್ರಿಯ ತುದಿ ಅವರ ಕೈಗೇ ಕೊಟ್ಟು ಹೊರಟೆ. ಶೆಡ್ಡಿನ ಮಕ್ಕಳಿಗಾಗಿ ಮಾಡಿದರು, ತಮಗಾಗಿ ಅಲ್ಲ. ಅದು ಆಗಲೇ ಅರ್ಥವಾಗಿತ್ತು. ಕ್ಲಾಸು ಹೋದದ್ದನ್ನೂ ನುಂಗಿಕೊಳ್ಳಬಹುದಿತ್ತು. ಆದರೆ ಕೌತಾಳಂ ಬಸ್ಸಿನಲ್ಲಿ ಕೂತ ಮೇಲೆ ಬೇರೆಯದೇ ಒಂದು ಮಾತು ತಲೆಗೆ ಹೊಕ್ಕಿತು. ಅವರ ಪಕ್ಕದಲ್ಲೇ ನಿಂತಿದ್ದೆ, ಇಷ್ಟು ವರ್ಷ ಕಲಿತ ಕಣ್ಣು ನನ್ನದು. ಆದರೂ ಆ ಬೀಳುವಿಕೆ ಸುಳ್ಳೆಂದು ಅದನ್ನು ನೋಡಿ ನನಗೆ ತಿಳಿಯಲಿಲ್ಲ. ಕಾರ್ತಿಕನ ಕೈಯನ್ನು ಮೊದಲು ನಾನೇ ಹಿಡಿದು ನೋಡಿದ್ದರಿಂದ ತಿಳಿಯಿತು, ಅಷ್ಟೇ. ಹಾಗಾದರೆ ಆ ಬೆಳಗ್ಗೆ ಅವರು ನನಗೆ ಬಿದ್ದದ್ದು?

ಮತ್ತೆ ಶೆಡ್ಡಿಗೆ ಹೋಗಲಿಲ್ಲ. ಸರ್ ಫೋನು ಮಾಡಿದರು, ನಾನು ಎತ್ತಲಿಲ್ಲ. ಶೆಡ್ಡು ಈಗಲೂ ಇದೆ, ಮೊದಲಿಗಿಂತ ಚೆನ್ನಾಗಿದೆ. ಹೊಸ ಹಾಸು, ದೊಡ್ಡ ಬೋರ್ಡು, ಮಕ್ಕಳೂ ಹೆಚ್ಚು. ನನ್ನ ಶಾಲೆಯ ಶಬಾನಾ ಅಲ್ಲಿಗೆ ಹೋಗುತ್ತಾಳೆ. "ಕಾರ್ತಿಕ್ ಅಣ್ಣ ಕೈ ಮುಟ್ಟಿದ್ರ ಸಾಕು ಟೀಚರ್, ಬಿದ್ದುಬಿಡ್ತೀವಿ. ಇಲ್ಲಾಂದ್ರ ಮುಖ ಸಣ್ಣದು ಮಾಡ್ಕಂತಾನ," ಎಂದು ಆಕೆ ಒಮ್ಮೆ ನಕ್ಕಳು.

ಹೋದ ವರ್ಷ ನಮ್ಮಣ್ಣನ ಮಗುವಿನ ಜವಳಕ್ಕೆ ಮಂತ್ರಾಲಯಕ್ಕೆ ಹೋಗಿದ್ದೆವು. ರೂಮು ಕೇಳಲು ಒಂದು ಲಾಡ್ಜಿಗೆ ಹೊಕ್ಕರೆ, ಕೌಂಟರಿನ ಹಿಂದೆ ಜಯತೀರ್ಥ ಸರ್ ಕೂತಿದ್ದರು. ಲಾಡ್ಜು ಅವರ ತಮ್ಮನದಂತೆ, ಶೆಡ್ಡನ್ನು ಕಾರ್ತಿಕನಿಗೆ ಬಿಟ್ಟು ಬಂದಿದ್ದರಂತೆ. ಮೈ ಅರ್ಧಕ್ಕಿಳಿದಿತ್ತು.

"ಮಾಳಮ್ಮ ಅಲ್ಲೇನು? ಊಟ ಆತೇನವಾ?"

"ಆತ್ರಿ." ಮಾತು ಮುಗಿದುಹೋಗಬಹುದಿತ್ತು. ನಾನು ಬಿಡಲಿಲ್ಲ. "ಸರ, ಒಂದು ಕೇಳ್ತೀನಿ. ನಾನು ನಿಮ್ಮನ್ನ ಕೆಡವಿದ್ನಲ್ಲ, ಅವತ್ತು ಖರೇನ ಬಿದ್ರೋ, ಪಾಪ ಹುಡುಗಿ ಅಂತ ಬಿದ್ರೋ?"

"ಹುಚ್ಚಿ! ಖರೇನ ಬಿದ್ದೆ. ನಿನ್ನಾಣಿ."

ಆಕಿ ಕಾಲಿಗೆ ಪೆಟ್ಟಾಗ್ಯದ ಎಂದು ಮೈಕಿನಲ್ಲಿ ಹೇಳಿದ್ದೂ ಇದೇ ದನಿಯಲ್ಲಿ.

"ಹಂಗಾದ್ರ ಒಂದು ಸಲ ಕೈ ಹಿಡೀರಿ," ಎಂದು ಮಣಿಕಟ್ಟು ಮುಂದೆ ಚಾಚಿದೆ.

ಅವರು ನನ್ನ ಮುಖವನ್ನೂ ಕೈಯನ್ನೂ ನೋಡಿದರು. ಕೌಂಟರಿಗೆ ಕೈಯೂರಿ ಎದ್ದರು. ಸುತ್ತಿ ಈಚೆ ಬಂದರು, ಎರಡೂ ಮೊಣಕಾಲಿಗೆ ಪಟ್ಟಿ ಬಿಗಿದಿದ್ದರು. ನನ್ನ ಮಣಿಕಟ್ಟು ಹಿಡಿದರು. ಹಿಡಿತ ಇನ್ನೂ ಕಬ್ಬಿಣದಂತಿತ್ತು. ನಾನು ಕಾಲು ಸರಿಸಲಿಲ್ಲ, ತಿರುಗಲಿಲ್ಲ, ಸುಮ್ಮನೆ ನಿಂತೆ. ಆದರೂ ಅವರ ಮೈಭಾರ ಮೆಲ್ಲಗೆ ನನ್ನ ಕಡೆ ಬರತೊಡಗಿತು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಹಾಸುಗಲ್ಲಿನ ಮೇಲಿರುತ್ತಿದ್ದರು.

"ಮೊಣಕಾಲು ನಿಲ್ಲಸಂಗಿಲ್ಲವಾ ಈಗ," ಎಂದರು.

ಇರಬಹುದು. ತೋಳಿಗೆ ಆಸರೆ ಕೊಟ್ಟು ಕುರ್ಚಿಯಲ್ಲಿ ಕೂರಿಸಿದೆ. ಅವರು ನನ್ನ ಕೈ ಬಿಟ್ಟಿರಲಿಲ್ಲ. ಬೆರಳುಗಳನ್ನು ಒಂದೊಂದಾಗಿ ನಾನೇ ಬಿಡಿಸಬೇಕಾಯಿತು.