ರೀಲು ಮುಗಿಯುವ ತನಕ

ಫೋಟೊ ಕಲಿಯಲು ಬಂದವರು ನನ್ನನ್ನು ಮೊದಲು ಕೇಳುವುದೇ ಯಾವ ಕ್ಯಾಮೆರಾ ಕೊಳ್ಳಬೇಕು ಎಂದು. ನನಗೆ ರೇಗಿಹೋಗುತ್ತದೆ. ಯಾವುದಾದರೂ ಕೊಳ್ಳಿ, ತೆಗೆದದ್ದನ್ನು ಮಾತ್ರ ಕೂಡಲೇ ನೋಡಿ ಎನ್ನುತ್ತೇನೆ. ಡಿಜಿಟಲ್ ಬಂದ ಮೇಲೆ ಇದೂ ಒಂದು ಪಾಠವೇ ಎಂದು ಅವರು ನಗುತ್ತಾರೆ. ನಗಲಿ.

ನಾನು ಕಲಿತದ್ದು ತೊಂಬತ್ತರ ದಶಕದ ಬಸವಕಲ್ಯಾಣದಲ್ಲಿ, ಹೈದರಾಬಾದಿನ ಕಾಕಾ ಕೊಟ್ಟ ರೀಲಿನ ಕ್ಯಾಮೆರಾದಲ್ಲಿ. ರೀಲು ತೊಳೆಸಲು ಹುಮನಾಬಾದಿಗೆ ಹೋಗುತ್ತಿದ್ದೆ. ಅಲ್ಲಿನ ಸ್ಟುಡಿಯೋದವರು ಅಪ್ಪನ ಪರಿಚಯದವರು. ಬಿಸಿಲು ನಿನ್ನ ಬೆನ್ನಿಗಿರಲಿ, ಒತ್ತುವಾಗ ಉಸಿರು ಹಿಡಿ, ನಿಂತವರ ಪಾದ ಕತ್ತರಿಸಬೇಡ ಎಂದೆಲ್ಲ ಹೇಳಿಕೊಟ್ಟವರು ಅವರೇ. ಜೊತೆಗೆ ಒಂದು ಅಭ್ಯಾಸವನ್ನೂ ಕೊಟ್ಟರು. "ಒಂದ ಜಾಗಾ, ಒಂದ ಹೊತ್ತು, ಒಬ್ಬರನ್ನ ನಿಲ್ಲಿಸಿ ತೆಗೀತಾ ಹೋಗ್ ತಂಗಿ. ಬೆಳಕು ಹ್ಯಾಂಗ ಬದಲಾಗ್ತದ ಅಂತ ತಿಳೀತದ."

ಹಾಗೆ ನಿಲ್ಲಲು ಪುರುಸೊತ್ತಿದ್ದವಳು ಮನೆಯಲ್ಲಿ ಅಕ್ಕ ಒಬ್ಬಳೇ. ಗಂಡನ ಮನೆಯಲ್ಲಿ ಸೀಮಂತದ ಕುಬಸ ಮುಗಿಸಿಕೊಂಡು, ಕೈತುಂಬ ಹಸಿರು ಬಳೆ ತೊಟ್ಟು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಸಂಜೆ ಬಿಸಿಲು ಹಿತ್ತಲ ಬಾಗಿಲಿಗೆ ಬಂದಾಗ ಅವಳನ್ನು ಅಲ್ಲಿ ನಿಲ್ಲಿಸುತ್ತಿದ್ದೆ. ಒಂದು ಕೈ ಚೌಕಟ್ಟಿಗೆ, ಇನ್ನೊಂದು ಹೊಟ್ಟೆಯ ಮೇಲೆ. ಬೆಳಕಿಗಾಗಿ ತೆಗೆಯುತ್ತಿದ್ದೆ, ಬೆಳಕನ್ನೇ ನೋಡುತ್ತಿದ್ದೆ.

ಬರುಬರುತ್ತ ಅಕ್ಕನಿಗೆ ನಿಲ್ಲುವುದು ಕಷ್ಟವಾಯಿತು. "ತಲಿ ಸಿಡ್ಯಾಕತ್ತದ, ಕಣ್ಣ ಮುಂದ ಏನೋ ಮಿಣಮಿಣ ಅಂತದ" ಎಂದು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಚೊಚ್ಚಲಿಗೆ ಹಾಗೆಯೇ ಎಂದು ಅವ್ವ ಸಮಾಧಾನ ಹೇಳುತ್ತಿದ್ದಳು. ಓಣಿಯ ಹೆಂಗಸರಂತೂ "ಛಲೋ ಮೈ ತುಂಬ್ಯಾಳ ನೋಡ್ರಿ" ಎಂದು ಹೊಗಳಿದ್ದೇ ಹೊಗಳಿದ್ದು. ತವರಿಗೆ ಬಂದ ಮಗಳು ದಪ್ಪಗಾದರೆ ಅದು ತಾಯಿಗೆ ಸಿಗುವ ಮರ್ಯಾದೆ. ದಿನಾ ಕಾಣುವ ಮುಖದಲ್ಲಿ ಯಾರಿಗೂ ಬೇರೇನೂ ಕಾಣಲಿಲ್ಲ. ಕಣ್ಣಿದ್ದೂ ಕುರುಡರಾಗುವುದು ಹೀಗೆಯೇ.

ರೀಲಿನಲ್ಲಿ ಇನ್ನೂ ಕೆಲವು ಫೋಟೊ ಉಳಿದಿದ್ದವು. ತೊಳೆಸಿಕೊಂಡು ಬರುತ್ತೇನೆ ಎಂದರೆ ಅವ್ವ ಬಿಡಲಿಲ್ಲ. "ಅರ್ಧಕ್ಕ ಯಾರರ ರೀಲು ತೆಗೀತಾರೇನ? ಉಳಿದದ್ದು ಕೂಸಿಗಿರಲಿ." ನಮ್ಮಲ್ಲಿ ಎಲ್ಲರ ಮನೆಯ ನಿಯಮವೂ ಅದೇ ಆಗಿತ್ತು; ಒಂದೇ ರೀಲಿನಲ್ಲಿ ಯುಗಾದಿ, ಮದುವೆ, ತೊಟ್ಟಿಲು ಎಲ್ಲ ಸೇರಿರುತ್ತಿದ್ದವು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. ಉಳಿದದ್ದನ್ನೆಲ್ಲ ಎಮ್ಮೆಯ ಮೇಲೆ, ಬಾಗಿಲ ಚಿಲಕದ ಮೇಲೆ ಒತ್ತಿ ಮುಗಿಸಿ ಬಸ್ ಹತ್ತಿದೆ.

ಸ್ಟುಡಿಯೋದವರು ಅಕ್ಕನ ಪ್ರಿಂಟುಗಳನ್ನು ಗಾಜಿನ ಮೇಜಿನ ಮೇಲೆ ಸಾಲಾಗಿ ಹರಡಿದರು. ಅದೇ ಬಾಗಿಲು, ಅದೇ ಬಿಸಿಲು. ಮೊದಲ ಫೋಟೊದಲ್ಲಿ ಅಕ್ಕನ ಬಳೆಗಳು ಸಡಿಲವಾಗಿ ಮಣಿಕಟ್ಟಿಗೆ ಜಾರಿದ್ದವು. ಕೊನೆಯದರಲ್ಲಿ ಮಾಂಸದೊಳಗೆ ಹೂತಿದ್ದವು. ರೆಪ್ಪೆ ಊದಿ ಕಣ್ಣು ಗೆರೆಯಷ್ಟೇ ಉಳಿದಿತ್ತು. ಅವರು ಒಂದು ಬೆರಳು ಮೊದಲ ಫೋಟೊದ ಮೇಲೆ, ಇನ್ನೊಂದು ಕೊನೆಯದರ ಮೇಲೆ ಇಟ್ಟು ಕೇಳಿದರು: "ಇವರಿಬ್ಬರೂ ಅಕ್ಕ-ತಂಗೀರೇನು?"

ಪ್ರಿಂಟುಗಳನ್ನು ಬಾಚಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದೆ. ಬಸ್ಸು ದಾರಿಯಲ್ಲಿ ಕೈ ಮಾಡಿದವರಿಗೆಲ್ಲ ನಿಲ್ಲುತ್ತಿತ್ತು. ಡ್ರೈವರನಿಗೆ ಒಳಗೊಳಗೇ ಶಾಪ ಹಾಕುತ್ತ, ಪ್ರಿಂಟಿನ ಲಕೋಟೆಯನ್ನು ಎದೆಗೊತ್ತಿಕೊಂಡು ಕುಳಿತಿದ್ದೆ.

ಫೋಟೊ ನೋಡಿ ಅವ್ವ ಉಪ್ಪು, ಮೆಣಸಿನಕಾಯಿ ತರಲು ಎದ್ದಳು. "ದೃಷ್ಟಿ ಆಗ್ಯದ. ಬಸುರೀನ ಇಷ್ಟು ಸಲ ತೆಗೀತಾರೇನ?" ಅಪ್ಪ ಮಾತ್ರ ಮೊದಲನೆಯದನ್ನೂ ಕೊನೆಯದನ್ನೂ ಪಕ್ಕಪಕ್ಕ ಹಿಡಿದು ನೋಡಿದರು. ಕೂಡಲೇ ಚಪ್ಪಲಿಯನ್ನೂ ಮೆಟ್ಟದೆ ಜೀಪು ಕರೆಯಲು ಓಡಿದರು.

ದವಾಖಾನೆಯ ಬಾಗಿಲಲ್ಲೇ ಅಕ್ಕನಿಗೆ ಫಿಟ್ಸ್ ಬಂತು. ಬಿಪಿ ವಿಪರೀತ ಏರಿದೆ, ಇಷ್ಟು ದಿನ ಏನು ನೋಡುತ್ತಿದ್ದಿರಿ ಎಂದು ಡಾಕ್ಟರಮ್ಮ ಬೈದರು. ಅಕ್ಕ ಉಳಿದಳು. ಕೂಸು ಉಳಿಯಲಿಲ್ಲ.

ಮನೆಗೆ ಬಂದ ಮೇಲೆ ಅವ್ವ ಆ ಫೋಟೊಗಳನ್ನೆಲ್ಲ ಒಲೆಗೆ ಹಾಕಲು ಹೊರಟಿದ್ದಳು. ಅಕ್ಕ ಕಸಿದುಕೊಂಡು ಹಾಸಿಗೆಯ ಮೇಲೆ ಹರಡಿದಳು. ತನ್ನ ಮುಖ ನೋಡಿಕೊಳ್ಳಲೇ ಇಲ್ಲ. ಒಂದೊಂದರಲ್ಲೂ ಹೊಟ್ಟೆಯ ಮೇಲೆ ಬೆರಳಾಡಿಸುತ್ತ ಹೋದಳು. ನಮಗೆಲ್ಲ ನೋಡಲು ಭಯವಾಗುತ್ತಿದ್ದ ಆ ಕೊನೆಯ ಫೋಟೊ ಎತ್ತಿ ನನ್ನ ಕೈಗಿಟ್ಟಳು.

"ಇದರಾಗ ನನ್ನ ಕೂಸು ಎಲ್ಲಾಕ್ಕಿಂತ ಬೆಳದದ. ಇದನ್ನ ದೊಡ್ಡದು ಮಾಡಿಸ್ಕೊಂಡು ಬಾ."