ಕಿತ್ತ ಜೊಂಡಿನ ರಾಶಿ

ದೊಡ್ಡನೆಕ್ಕುಂದಿಯ ಈ ಕೆರೆಯ ದಡದಲ್ಲಿ ಕೂತು ಬರೆಯುತ್ತಿದ್ದೇನೆ, ಸಿಟ್ಟು ಇನ್ನೂ ಇಳಿದಿಲ್ಲ. ಇಲ್ಲಿನ ಪಕ್ಷಿಪ್ರೇಮಿಗಳ ಸಂಘ ಇವತ್ತು ಕೆರೆ ಸ್ವಚ್ಛ ಮಾಡಿತು. ಎಲ್ಲರ ಟೀ-ಶರ್ಟಿನ ಮೇಲೂ ನೀರುಕೋಳಿಯ ಚಿತ್ರ. ಪ್ಲಾಸ್ಟಿಕ್ ಹೆಕ್ಕಲಿ, ಯಾರು ಬೇಡವೆಂದರು? ಅದೇ ಹುರುಪಿನಲ್ಲಿ ದಡದ ಜೊಂಡುಹುಲ್ಲನ್ನೂ ಬುಡಸಮೇತ ಕಿತ್ತು ರಾಶಿ ಹಾಕಿದ್ದಾರೆ. ರಾಶಿಯೊಳಗೆ ನೀರುಕೋಳಿಯ ಗೂಡು, ಒಡೆದ ಮೊಟ್ಟೆಗಳು. ತಾಯಿ ಹಕ್ಕಿ ಮರೆಯೇ ಇಲ್ಲದ ನೀರಿನಲ್ಲಿ ಸುತ್ತುತ್ತಿದೆ.

“ಗೂಡಿತ್ತಲ್ರೀ ಇದ್ರೊಳಗೆ, ನೋಡ್ಲಿಲ್ವಾ?” ಎಂದು ಸಂಘದ ಕಾರ್ಯದರ್ಶಿಯ ಮೇಲೆ ರೇಗಿದೆ.

“ಜೊಂಡಿದ್ರೆ ಹಕ್ಕಿ ಎಲ್ಲಿ ಕಾಣುತ್ತೆ ಸಾರ್? ಫೋಟೋಗೆ ಅಡ್ಡ ಬರುತ್ತೆ.” ಆತ ನಗುತ್ತಲೇ ನನಗೂ ಒಂದು ಟೀ-ಶರ್ಟ್ ಚಾಚಿದ. “ಮುಂದಿನ ಭಾನುವಾರನೂ ಬನ್ನಿ. ಮಕ್ಕಳಿಗೆ ರಟ್ಟಲ್ಲಿ ಗೂಡು ಮಾಡೋದು ಹೇಳ್ಕೊಡ್ತೀವಿ.”